ಮೂರನೆಯ ಮಳೆ

ಅಕ್ಟೋಬರ್ 27

ಮಳೆ ಬಂತು. ಇಷ್ಟು ಬೇಗ ಬಾ ಎಂದು ಅದನ್ನು ಯಾರೂ ಕರೆದಿರಲಿಲ್ಲ. ಮರಗಳು ಈಗಷ್ಟೇ ಚಿಗುರುತ್ತಿವೆ. ಈ ತಿಂಗಳಲ್ಲಿ ನಾಲ್ಕು ಹನಿ ಬಿದ್ದು ಧೂಳು ಅಡಗುವುದು ವಾಡಿಕೆ. ಇವತ್ತು ಚರ್ಚು ಬಿಟ್ಟ ಮೇಲೆ ಸುರಿದದ್ದು ಹಾಗಲ್ಲ, ಕೋಳಿಗೂಡು ಮಗುಚಿಕೊಂಡಿತು. ಎಲ್ಲ ನನ್ನದೇ ತಪ್ಪು ಎನ್ನುವ ಹಾಗೆ ಕೋಳಿಗಳು ನನ್ನನ್ನು ನೋಡಿದವು. ಊರಿನವರೂ ಹಾಗೇ ನೋಡುತ್ತಾರೆ, ಅಭ್ಯಾಸವಾಗಿದೆ.

ಸೋದರಮಾವ ತೀರಿಕೊಂಡು ಊರಿನ ಯಜಮಾನಿಕೆ ನನ್ನ ಕೈಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಏನೇ ಕೆಟ್ಟರೂ ಜನ ನನ್ನ ಅಂಗಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು "ಈಗೇನ್ ಮಾಡೋದು, ಮೇಮೆ ರೌಹಾ?" ಎನ್ನುತ್ತಾರೆ. ಮೇಮೆ ಅಂದರೆ ತಾಯಿ, ತಾಯಿಯಾದವಳು ಗೊತ್ತಿಲ್ಲ ಎನ್ನುವ ಹಾಗಿಲ್ಲ. ಆದ್ದರಿಂದ ಅವರಿಗೆ ಗಟ್ಟಿ ದನಿಯಲ್ಲಿ ಏನಾದರೂ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ.

ಹೀಗೆ ಕೇಳಲು ನನ್ನ ಅಂಗಳಕ್ಕೆ ಬರದವನು ನೆಕ್ವಾಯಾ ಒಬ್ಬನೇ. ಯಜಮಾನಿಕೆ ತನಗೇ ಬರುತ್ತದೆಂದು ಅವನು ಹೊಸ ಕೋಟು ಹೊಲಿಸಿಕೊಂಡಿದ್ದ. ಈಗ ಅದನ್ನು ಪ್ರತಿ ಭಾನುವಾರ ಚರ್ಚಿಗೆ ಹಾಕಿಕೊಂಡು ಬಂದು ಸರಿಯಾಗಿ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾನೆ. ಹೊಲಿಗೆ ಚೆನ್ನಾಗಿದೆ, ಇಡೀ ಪ್ರಾರ್ಥನೆ ಅದನ್ನೇ ನೋಡಬೇಕು.

ಅಕ್ಟೋಬರ್ 30

ಮಳೆ ಮಧ್ಯಾಹ್ನ ಒಂದು ಗಳಿಗೆ ತೆರಪು ಕೊಟ್ಟಿತು. ಆಮೇಲೆ ಮತ್ತೆ ಅದೇ. ಮನೆಗಳ ನಡುವಿನ ತಗ್ಗು, ನಮ್ಮ ಒಶಾನಾ, ಮೊನ್ನೆಯವರೆಗೂ ಹುಡುಗರು ಚೆಂಡಾಡುವ ಬಯಲಾಗಿತ್ತು. ಇವತ್ತು ಗೋಲಿನ ಕಂಬಗಳು ಸೊಂಟದವರೆಗೆ ಮುಳುಗಿ ನಿಂತಿವೆ. ಶಾಲೆಗೆ ರಜೆ ಕೊಟ್ಟಿದ್ದಾರೆ. ಮೇಷ್ಟ್ರು ಆಚೆ ದಡದಲ್ಲಿದ್ದಾರೆ, ಮಕ್ಕಳು ಈಚೆ ಇದ್ದಾರೆ, ಇಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ.

ಪ್ರವಾಹ ನಮಗೇನೂ ಹೊಸದಲ್ಲ. ಆದರೆ ಅದು ಹೊಸ ವರ್ಷ ಕಳೆದ ಮೇಲೆ ಉತ್ತರದ ಗಡಿಯಾಚೆ ಅಂಗೋಲಾ ಕಡೆಯಿಂದ ಬರುತ್ತದೆ. ಬರುವ ಮುಂಚೆ ರೇಡಿಯೋದಲ್ಲಿ ಹೇಳಿ ಕಳಿಸುತ್ತದೆ. ಕಾಳು ಮೇಲಕ್ಕೇರಿಸಿ ದನ ಹೊಡೆದುಕೊಂಡು ಹೋಗಲು ಸಮಯ ಕೊಡುತ್ತದೆ. ಇದು ಸೀದಾ ನೆತ್ತಿಯ ಮೇಲೆ ಬಿದ್ದಿದೆ. ಪಟ್ಟಣದ ಕಚೇರಿಗೆ ಫೋನ್ ಮಾಡಿದೆ.

"ಪ್ರವಾಹದ ಕಾಲ ಇನ್ನೂ ಶುರು ಆಗಿಲ್ಲ ಮೇಮೆ," ಎಂದಳು ಅಲ್ಲಿನ ಹುಡುಗಿ.

"ಸರಿ, ನೀರಿಗೆ ಹೇಳ್ತೀನಿ," ಎಂದೆ.

ಅಕ್ಟೋಬರ್ 31

ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ದಿಬ್ಬದ ಮೇಲಿರುವುದು ನನ್ನ ಮನೆ ಒಂದೇ. ಬೆಳಗಿನಿಂದ ಜನ ಬರುತ್ತಲೇ ಇದ್ದಾರೆ, ಹಾಸಿಗೆ, ಪಾತ್ರೆ, ಮೇಕೆ, ಒಂದು ಟಿವಿ. ಕೊನೆಗೆ ನೆಕ್ವಾಯಾನ ಹೆಂಡತಿ ಲೋವೀಸಾ ತಲೆಯ ಮೇಲೆ ಗಂಟು ಹೊತ್ತುಕೊಂಡು ನೀರಿನಲ್ಲಿ ನಡೆದು ಬಂದಳು. ಅವಳ ಹಿಂದೆ ಅವನು, ಕೋಟನ್ನು ಕೋಲಿಗೆ ಸಿಕ್ಕಿಸಿ ಬಾವುಟದ ಹಾಗೆ ಎತ್ತಿಹಿಡಿದುಕೊಂಡು.

"ದಿಬ್ಬದ ಮೇಲೆ ಬೇರೆ ಮನೆ ಇಲ್ವಲ್ಲ," ಎಂದ. ಇದು ಅವನ ನಮಸ್ಕಾರ.

"ಬನ್ನಿ ತಾತೆ, ಜಾಗ ಇದೆ," ಎಂದೆ. ಹಿರಿಯ ಗಂಡಸರನ್ನು ತಾತೆ, ಅಂದರೆ ಅಪ್ಪಾ, ಎನ್ನದೆ ವಿಧಿಯಿಲ್ಲ.

ನನ್ನ ತಾಯಿ ಒಳಗಿಂದಲೇ ಕೂಗಿದಳು. ಊರಿಗೆಲ್ಲ ಅವಳು ಕುಕು ಇಂಪಿ, ಇಂಪಿ ಅಜ್ಜಿ. ಕಣ್ಣು ಮಂಜಾಗಿದೆ, ಬಾಯಿಗೆ ಏನೂ ಆಗಿಲ್ಲ. "ಯಾರದು? ಯಜಮಾನಿಕೆ ಸಿಗ್ದೇ ಇದ್ದೋನಾ?"

"ಅವ್ರೇ ಅಮ್ಮ."

"ಬಾ ಮಗನೇ, ಒಳಗ್ ಬಾ. ಯಜಮಾನಿಕೆ ಇಲ್ದಿದ್ರೆ ಹೋಗ್ಲಿ, ಮನೆನಾದ್ರೂ ಸಿಕ್ತಲ್ಲ."

ನನ್ನ ಅಂಗಳದ ಗುಡಿಸಲುಗಳಲ್ಲಿ ನಾನು ಮಲಗುವುದರ ಪಕ್ಕದ್ದನ್ನೇ ಅವನಿಗೆ ಕೊಡಬೇಕಾಯಿತು. ಕೆಮ್ಮುತ್ತಾನೆ, ಗೊರಕೆ ಹೊಡೆಯುತ್ತಾನೆ, ನಡುನಡುವೆ ಎರಡೂ ಒಟ್ಟಿಗೆ.

ನವೆಂಬರ್ 2

ಕಣಜದ ತಳಕ್ಕೆ ನೀರು ಇಳಿದಿದೆ. ಸಜ್ಜೆ ಮೊಳಕೆಯೊಡೆದು ಹುಳಿ ವಾಸನೆ ಬರುತ್ತಿದೆ. ಒಣಗಿಸೋಣವೆಂದರೆ ಬಿಸಿಲಿಲ್ಲ. ಮೇಲಿನ ಕಾಳನ್ನು ಇಷ್ಟೊಂದು ಬಾಯಿಗೆ ಹಂಚಬೇಕು. ಇವತ್ತಿನಿಂದ ಮುದ್ದೆ ಚಿಕ್ಕದಾಯಿತು, ಜೊತೆಗೆ ಒಣಸೊಪ್ಪಿನ ಬಿಲ್ಲೆ ನೆನೆಸಿ ಕುದಿಸಿದ ಸಾರು. ಎಲ್ಲರೂ ತಟ್ಟೆ ನೋಡಿದರು.

ಬೆಳಿಗ್ಗೆ ಸ್ವಲ್ಪ ಹೊಳವಾದಾಗ ದೊಡ್ಡ ಕಪ್ಪೆಗಳು ನೆಲದಿಂದ ಎದ್ದವು. ತಿಂಗಳುಗಟ್ಟಲೆ ಮಣ್ಣೊಳಗೆ ಮಲಗಿದ್ದವು, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಅಂಗಳದಲ್ಲಿದ್ದವರ ಮುಖವೆಲ್ಲ ಅರಳಿತು. ಮಕ್ಕಳು ಹಿಡಿಯಲು ಓಡಿದವು, ತಾಯಂದಿರು ಹಿಂದೆಯೇ ಓಡಿ ಕಿವಿ ಹಿಂಡಿ ಎಳೆತಂದರು. ಮೂರು ಮಳೆ ಆಗಬೇಕು, ಕಪ್ಪೆ ಗಂಟಲು ಬಿಚ್ಚಿ ಕೂಗಬೇಕು, ಆಮೇಲೆ ಪಾತ್ರೆ. ಅದಕ್ಕೆ ಮುಂಚೆ ತಿಂದವರಿಗೆ ಮೂತ್ರ ಉರಿಯುತ್ತದೆ, ಕಟ್ಟುತ್ತದೆ, ಮೈ ಊದುತ್ತದೆ. ನನ್ನ ಚಿಕ್ಕಪ್ಪನೊಬ್ಬ ಹಾಗೇ ಹೋದ. ಅವನಿಗೂ ನಿಯಮ ಗೊತ್ತಿತ್ತು, ಹಸಿವೂ ಗೊತ್ತಿತ್ತು.

ನವೆಂಬರ್ 3

ಕುರ್ಚಿಯಲ್ಲಿ ಕೂತು ಕೇಳುವ ಪ್ರಶ್ನೆ ಇವತ್ತು ಬಂದೇ ಬಂತು. ಇದು ಎಷ್ಟನೆಯ ಮಳೆ?

ನನಗಿಂತ ಮೊದಲು ನೆಕ್ವಾಯಾ ಎದ್ದು ನಿಂತ. "ಭಾನುವಾರ ಬಿದ್ದಿದ್ದು ಒಂದು. ಬುಧವಾರ ಮಧ್ಯಾಹ್ನ ನಿಂತಿತ್ತು, ಆಮೇಲೆ ಬಿದ್ದಿದ್ದು ಎರಡು. ನಿನ್ನೆ ಬೆಳಿಗ್ಗೆ ನಿಂತಿತ್ತು, ಆಮೇಲಿನದು ಮೂರು. ಮುಗೀತಲ್ಲ. ಇದಕ್ಕೆ ಯಜಮಾನಿಕೆ ಬೇಕಿಲ್ಲ, ಬೆರಳಿದ್ರೆ ಸಾಕು."

ಜನ ತಲೆಯಾಡಿಸಿದರು. ಹಸಿದವರಿಗೆ ಅವನ ಲೆಕ್ಕ ಚೆನ್ನಾಗಿ ಕೇಳಿಸಿತು.

"ಮಳೆ ನಿಂತ್ರೆ ಸಾಲದು," ಎಂದೆ. "ಮೇಲಿನ ಮರಳು ಒಣಗಬೇಕು. ಅಂಗೈಯಲ್ಲಿ ಹಿಡಿದ್ರೆ ಅಂಟಬಾರದು. ಆಗ ಒಂದು ಮಳೆ ಮುಗೀತು ಅಂತ. ಇಲ್ಲೀವರೆಗೆ ಬಿದ್ದಿದ್ದೆಲ್ಲ ಸೇರಿ ಒಂದೇ ಮಳೆ."

"ಈ ಕಾನೂನು ಯಾರ್ ಮಾಡಿದ್ದು?"

"ಮಾವ ಹೇಳ್ತಿದ್ರು."

ಮಾವನ ಹೆಸರು ಕೇಳಿ ಜನ ನನಗೂ ತಲೆಯಾಡಿಸಿದರು. ಕಪ್ಪೆ ಮುಟ್ಟಕೂಡದು ಎಂದು ತೀರ್ಮಾನವಾಯಿತು.

ಮಾವ ಹಾಗೆ ಯಾವತ್ತೂ ಹೇಳಿರಲಿಲ್ಲ. ಅವರ ಕಾಲದಲ್ಲಿ ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು, ವಾರ ಬಿಟ್ಟು ಬರುತ್ತಿತ್ತು. ಕೇಳುವ ಪ್ರಮೇಯವೇ ಇರಲಿಲ್ಲ. ಬಡಿಸುವಾಗ ಅಮ್ಮ ಮೆಲ್ಲಗೆ ಅಂದಳು, "ನಿನ್ ಮಾವ ಅಂಥದ್ದೇನೂ ಹೇಳಿಲ್ಲ."

"ಗೊತ್ತು."

"ಆದ್ರೂ ಅವ್ನು ಹೇಳೋ ಹಾಗೇ ಹೇಳ್ದೆ."

ನವೆಂಬರ್ 5

ಮಳೆ.

ಅಂಗಳದಲ್ಲಿ ಸಜ್ಜೆ ಕುಟ್ಟುವ ಜಾಗದಲ್ಲೂ ನೀರು ನಿಂತಿದೆ, ಅಲ್ಲಿ ಕಪ್ಪೆ ಮೊಟ್ಟೆಯಿಟ್ಟು ಹೋಗಿದೆ. ಮರಿಗಳು ಆಗಲೇ ಕಪ್ಪಗೆ ಗಿಜಿಗುಡುತ್ತಿವೆ. ಹೆಣ್ಣು ಹೊರಟುಹೋಗಿದೆ, ಗಂಡು ಕಾವಲು ಕೂತಿದೆ. ಒರಳಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಕೋಳಿಯನ್ನು ಅಟ್ಟಿಸಿತು, ಮೇಕೆಯನ್ನು ಅಟ್ಟಿಸಿತು, ನೆಕ್ವಾಯಾನ ಕಾಲಿನ ಹೆಬ್ಬೆರಳಿಗೆ ಕಚ್ಚಿತು.

"ಯಜಮಾನಿ ಅಲ್ವಾ ನೀವು? ನ್ಯಾಯ ಹೇಳಿ," ಎಂದು ಅವನು ಕಾಲು ತೋರಿಸಿದ.

ಇಬ್ಬರ ಕಡೆಯೂ ವಿಚಾರಿಸಿದೆ. ಮರಿಗಳು ಹೊರಡುವ ತನಕ ಕುಟ್ಟುವ ಜಾಗ ಕಪ್ಪೆಯದು ಎಂದು ತೀರ್ಪು ಕೊಟ್ಟೆ. ಜನ ನಕ್ಕರು. ಅವನು ನಗಲಿಲ್ಲ, ಕಪ್ಪೆಯೂ ನಗಲಿಲ್ಲ.

ಹೊರಗಿನ ಮೊಟ್ಟೆಗಳ ಕಥೆ ಬೇರೆ. ತಗ್ಗುಗಳೆಲ್ಲ ಒಂದಾಗಿ ದೊಡ್ಡ ನೀರಾಗಿರುವುದರಿಂದ ಮೀಸೆಮೀನು ಎಲ್ಲೆಂದರಲ್ಲಿ ಬಂದು ನುಂಗುತ್ತಿದೆ. "ಈ ವರ್ಷ ಉಳಿಯೋ ಮರಿ ಅಂದ್ರೆ ನಿನ್ ಅಂಗಳದ್ದೇ," ಎಂದಳು ಅಮ್ಮ.

ನವೆಂಬರ್ 6

ನೆಕ್ವಾಯಾ ಕಪ್ಪೆ ತಿಂದ.

ಕದ್ದು ತಿಂದಿದ್ದರೆ ನಾನು ಕಾಣದವಳಂತೆ ಇರುತ್ತಿದ್ದೆ. ಅಂಗಳದ ನಡುವೆ ಒಲೆ ಹೂಡಿ, ಕೋಟು ಹಾಕಿಕೊಂಡು ತಿಂದ. ಪಾತ್ರೆಯ ತಳಕ್ಕೆ ಒಣ ಮರದ ಚಕ್ಕೆ ಹಾಸಿ ಬೇಯಿಸಿದರೆ ಅದು ವಿಷ ಹೀರಿಕೊಳ್ಳುತ್ತದೆ ಎಂದು ಕೆಲವರು ನಂಬುತ್ತಾರೆ. ಒಣ ಚಕ್ಕೆ ಎನ್ನುವ ವಸ್ತು ಸದ್ಯ ಈ ಊರಲ್ಲಿಲ್ಲ. ಅವನು ಹಸಿ ಚಕ್ಕೆಯನ್ನೇ ಹಾಸಿದ.

"ಒಂದೇ ಮಳೆ ಅನ್ನೋರು ಒಂದೇ ಮುದ್ದೆ ತಿನ್ಕೊಂಡಿರ್ಲಿ," ಎಂದ. ಲೋವೀಸಾಳಿಗೂ ಒಂದು ಕಾಲು ಕೊಡಹೋದ.

"ನಂಗ್ ಬೇಡ. ನೀನ್ ಸತ್ರೆ ಅಳೋಕೆ ಒಬ್ರು ಬೇಕಲ್ಲ," ಎಂದಳು ಅವಳು.

ವಾಸನೆ ಬಹಳ ಚೆನ್ನಾಗಿತ್ತು. ನನಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು.

ನವೆಂಬರ್ 7

ಅವನಿಗೆ ಏನೂ ಆಗಿಲ್ಲ. ಅಂಗಳದಲ್ಲಿ ಹೊಟ್ಟೆ ಸವರಿಕೊಂಡು ಓಡಾಡುತ್ತಿದ್ದಾನೆ. ನಾಳೆ ನಾವೂ ಹಿಡಿಯೋಣ ಎಂದು ಇಬ್ಬರು ಗಂಡಸರು ಮಾತಾಡಿಕೊಳ್ಳುವುದು ಕೇಳಿಸಿತು. ಅವನಿಗೆ ಏನೂ ಆಗದಿದ್ದರೆ ಇಷ್ಟು ದಿನ ಈ ಜನರನ್ನು ನಾನು ಸುಮ್ಮನೆ ಹಸಿವಿನಲ್ಲಿ ಇಟ್ಟ ಹಾಗಾಯಿತು. ಚಿಕ್ಕ ಮಕ್ಕಳು ತಟ್ಟೆ ನೆಕ್ಕುವುದನ್ನು ನೋಡಿದ್ದೇನೆ.

ದೇವರೇ, ದೊಡ್ಡದೇನೂ ಬೇಡ. ಸಣ್ಣಗೆ ಒಂದು ಉರಿ. ಊರಿಗೆ ಕಾಣುವಷ್ಟು.

ನವೆಂಬರ್ 8

ಬೆಳಗಿನಿಂದ ನೆಕ್ವಾಯಾ ಬೇಲಿಯ ಆಚೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಅಮ್ಮ ಬಾಗಿಲಲ್ಲಿ ಕೂತು ಕಿವಿಯಲ್ಲೇ ಎಲ್ಲ ಗಮನಿಸುತ್ತಿದ್ದಳು.

"ಮಗನೇ, ಉಚ್ಚೆ ಬರ್ತಿಲ್ವಾ?"

"ಬರುತ್ತೆ ಕುಕು."

"ಸದ್ದೇ ಕೇಳ್ಸಲ್ವಲ್ಲ."

ಅವನು ಮತ್ತೆ ಬೇಲಿಯಾಚೆ ಹೋದ. ಕಪ್ಪೆ ಹಿಡಿಯಲು ಹೊರಟಿದ್ದ ಗಂಡಸರು ಬುಟ್ಟಿ ಕೆಳಗಿಟ್ಟರು. ನಾನು ಕೇಳಿಕೊಂಡದ್ದು ಇದನ್ನೇ ತಾನೇ. ಸಂತೋಷ ಆಗಬೇಕಿತ್ತು, ಮುದ್ದೆ ತಿರುವುವ ಕೆಲಸವಿತ್ತು, ಮರೆತೆ.

ನವೆಂಬರ್ 9

ಮುಖ ಊದಿದೆ. ಕಾಲೂ. ಹೊಟ್ಟೆ ಮುಟ್ಟಿದರೆ ಕೂಗುತ್ತಾನೆ. ಕೋಟಿನ ಗುಂಡಿ ಹಾಕಲಾಗುತ್ತಿಲ್ಲ ಎಂದು ಲೋವೀಸಾ ಅದನ್ನು ಬಿಚ್ಚಿ ಮಡಿಸಿಟ್ಟಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು.

ಟಾರ್ ರಸ್ತೆಯ ಪಕ್ಕದ ಕ್ಲಿನಿಕ್ಕಿನ ಸಿಸ್ಟರ್ ಹಿಲ್ಮಾಗೆ ಫೋನ್ ಮಾಡಿದೆ. "ಕಪ್ಪೆ ತಿಂದ್ರಾ?" ಎಂದು ಅವಳೇ ಕೇಳಿದಳು. ಕಿಡ್ನಿ ನಿಂತರೆ ಉಳಿಯುವುದು ಕಷ್ಟ, ಹೇಗಾದರೂ ರಸ್ತೆಗೆ ತನ್ನಿ, ಅಲ್ಲಿಂದ ದೊಡ್ಡಾಸ್ಪತ್ರೆಗೆ ನಾನು ಕಳಿಸುತ್ತೇನೆ ಎಂದಳು. ದೋಣಿಗೆ ಪಟ್ಟಣಕ್ಕೆ ಫೋನ್ ಮಾಡಿದೆ. ನಾಳೆ ಎಂದರು. ಯಾವ ನಾಳೆ ಎಂದು ಕೇಳುವುದರೊಳಗೆ ಫೋನಿನ ಚಾರ್ಜು ಮುಗಿಯಿತು.

ಪಕ್ಕದ ಗುಡಿಸಲಿನಿಂದ ಗೊರಕೆ ಇಲ್ಲ. ನನಗೆ ನಿದ್ದೆ ಬರಬೇಕಿತ್ತು.

ನವೆಂಬರ್ 10

ದೋಣಿ ಬರಲಿಲ್ಲ. ದನಕ್ಕೆ ನೀರಿಡುವ ಮರದ ಬಾನಿ ಇತ್ತು, ಮಾವ ಒಂದೇ ಬೊಡ್ಡೆಯಲ್ಲಿ ಕೊರೆಸಿದ್ದು. ಅದರಲ್ಲಿ ಕಂಬಳಿ ಹಾಸಿ ನೆಕ್ವಾಯಾನನ್ನು ಮಲಗಿಸಿದೆವು. ಮುಂದೆ ಹಗ್ಗ ಹಿಡಿದು ಇಬ್ಬರು ಗಂಡಸರು, ಪಕ್ಕಕ್ಕೆ ನಾನು ಮತ್ತು ಲೋವೀಸಾ. ಯಜಮಾನಿ ಯಾಕೆ ಹೋಗಬೇಕು ಎಂದು ಯಾರೋ ಕೇಳಿದರು. ಬಾನಿ ನನ್ನದು, ವಾಪಸು ತರಬೇಕಲ್ಲ ಎಂದೆ.

ಮಳೆ ಸಣ್ಣದಾಗಿತ್ತು. ನೀರು ಕೆಲವೆಡೆ ಮೊಣಕಾಲು, ಕೆಲವೆಡೆ ಎದೆ. ಮೊದಲ ಅರ್ಧ ದಾರಿ ಅವನು ಮಾತಾಡುತ್ತಲೇ ಇದ್ದ.

"ಬುಧವಾರ ಬಿಸಿಲು ಬಂದಿತ್ತು. ಅದನ್ನ ಲೆಕ್ಕಕ್ಕೆ ತಗೊಳ್ಳಿ."

"ಅದು ಬಿಸಿಲಲ್ಲ ತಾತೆ. ಮೋಡ ತೆಳುವಾಗಿತ್ತು ಅಷ್ಟೇ."

"ನನ್ ಅಂಗಿ ಒಣಗಿತ್ತು."

"ಒಲೆ ಹತ್ರ ಹಾಕಿರ್ತೀರಿ ನಿಮ್ ಅಂಗಿ."

"ಮರಳು ಅಂಟಬಾರದಂತೆ! ನಿಮ್ ಮಾವನ ಜೊತೆ ನಾನೂ ದನ ಕಾಯ್ದಿದೀನಿ. ಅವನ ಬಾಯಲ್ಲಿ ಒಂದ್ ದಿನ ಮರಳಿನ ಸುದ್ದಿ ಬಂದಿಲ್ಲ."

"ಇಬ್ರೂ ಬಾಯ್ ಮುಚ್ಕೊಂಡು ಎಳೀರಿ," ಎಂದಳು ಲೋವೀಸಾ.

"ನಾನೆಲ್ಲಿ ಎಳೀತಿದೀನಿ?" ಎಂದ ಅವನು.

ಗೋಲಿನ ಕಂಬ ದಾಟಿದ ಮೇಲೆ ಅವನ ಮಾತು ನಿಂತಿತು. ಕಣ್ಣು ಮುಚ್ಚಿದ್ದ. ಉಸಿರು ಚಿಕ್ಕದಾಗಿತ್ತು, ಬಾನಿಗೆ ನೀರು ಬಡಿಯುವ ಸದ್ದಿನಲ್ಲಿ ಕೇಳಿಸುತ್ತಲೇ ಇರಲಿಲ್ಲ. ಲೋವೀಸಾ ಅವನ ಹೆಸರು ಕೂಗಿದಳು. ಉತ್ತರವಿಲ್ಲ. ನನಗೆ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು.

"ಕೇಳಿ ತಾತೆ," ಎಂದೆ. "ಬುಧವಾರದ್ದು ಬೇರೆ ಮಳೆ ಅಂತ ಒಪ್ಕೋತೀನಿ. ಎರಡು ಮಳೆ."

ಕಣ್ಣು ತೆರೆಯಲಿಲ್ಲ.

"ಸರಿ. ಮೂರು. ಮೂರು ಮಳೆ ಆಗಿದೆ. ನಂದೇ ತಪ್ಪು ಲೆಕ್ಕ."

ಸ್ವಲ್ಪ ಹೊತ್ತಿಗೆ ತುಟಿ ಅಲುಗಿತು. "ಸಾಕ್ಷಿ ಇದಾರೆ," ಎಂದರು ತಾತೆ.

ಹಗ್ಗ ಹಿಡಿದ ಗಂಡಸರು ತಿರುಗಿ ನನ್ನನ್ನು ನೋಡಿದರು. ಎಳೀರಿ ಎಂದೆ.

ಟಾರ್ ರಸ್ತೆಯ ಮೇಲೆ ಲೋಕವೇ ಇತ್ತು. ಒಣಗಿದ ಜಾಗ ಅದೊಂದೇ ಆದ್ದರಿಂದ ಟೆಂಟು, ದನ, ಮೇಕೆ, ಕಪ್ಪೆ, ಎಲ್ಲ ಅಲ್ಲೇ ಹತ್ತಿ ಕೂತಿವೆ. ಲಾರಿಗಳು ದನಕ್ಕೆ ನಿಲ್ಲುತ್ತವೆ, ಕಪ್ಪೆಗೆ ನಿಲ್ಲುವುದಿಲ್ಲ. ರಸ್ತೆ ಪೂರ್ತಿ ಅವುಗಳ ಚರ್ಮ. ಸಿಸ್ಟರ್ ಹಿಲ್ಮಾ ಗಾಡಿ ತರಿಸಿ ಕಾಯುತ್ತಿದ್ದಳು. ಬಾನಿ ನೋಡಿ ಏನೋ ಹೇಳಲು ಹೊರಟವಳು ಒಳಗಿದ್ದವರ ಮುಖ ನೋಡಿ ಗಾಡಿಯ ಬಾಗಿಲು ತೆರೆದಳು. ಲೋವೀಸಾ ಜೊತೆಗೆ ಹೋದಳು. ಕಂಬಳಿಯೂ ಹೋಯಿತು.

ಬರುವಾಗ ಬಾನಿ ಹಗುರವಾಗಿತ್ತು. ಆದರೂ ಬಹಳ ಹೊತ್ತು ಹಿಡಿಯಿತು.

ನವೆಂಬರ್ 11

ಮಳೆ ನಿಂತಿದೆ. ಸುದ್ದಿಯಿಲ್ಲ.

ನವೆಂಬರ್ 12

ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಮೇಮೆ ರೌಹಾ ಹೇಳಿದ್ದೇ ಸರಿಯಾಯಿತು, ಮಾವನ ಬುದ್ಧಿಯೇ ಬಂದಿದೆ, ಆ ಮನುಷ್ಯನಿಗೆ ತಕ್ಕ ಶಾಸ್ತಿಯಾಯಿತು. ಕುರ್ಚಿಯಲ್ಲಿ ಕೂತು ಇದನ್ನು ಹೇಳಿದ ಒಬ್ಬಾಕೆಗೆ, ಮೇಕೆಗಳ ಹಿಕ್ಕೆ ಗುಡಿಸುವ ಸರದಿ ಇವತ್ತು ನಿಮ್ಮದು ಎಂದೆ. ಅವಳದಾಗಿರಲಿಲ್ಲ.

ರಾತ್ರಿಯೂಟಕ್ಕೆ ತಾತೆ ನೆಕ್ವಾಯಾ ಅವರ ಮುದ್ದೆಯನ್ನೂ ಕಟ್ಟಿಬಿಟ್ಟಿದ್ದೆ. ಮುಚ್ಚಿಟ್ಟಿದ್ದೇನೆ. ಕೋಳಿಗೆ ಹಾಕಿದರಾಯಿತು ಬೆಳಿಗ್ಗೆ.

ನವೆಂಬರ್ 14

ಬಿಸಿಲು. ಮರಳು ಅಂಗೈಗೆ ಅಂಟುತ್ತಿಲ್ಲ. ಒಂದು ಮಳೆ ಮುಗಿಯಿತೆಂದು ಸಾರಿದೆ. ಜನ ಒದ್ದೆ ಬಟ್ಟೆಯನ್ನೆಲ್ಲ ಬೇಲಿಯ ಮೇಲೆ ಹರವಿದರು.

ಸೋಲಾರ್ ಪ್ಲೇಟಿಗೆ ಬಿಸಿಲು ಬಿದ್ದು ಫೋನು ಚಾರ್ಜಾಯಿತು. ಲೋವೀಸಾ ಸಿಕ್ಕಳು. ನಳಿಕೆ ಹಾಕಿದ್ದಾರೆ, ಚೀಲ ಕಟ್ಟಿದ್ದಾರೆ, ಚೀಲ ಖಾಲಿಯೇ ಇದೆ. ಡಾಕ್ಟರು ಏನೂ ಹೇಳುತ್ತಿಲ್ಲ. "ನಿದ್ದೆಗಣ್ಣಲ್ಲಿ ಮಳೆ ಎಣಿಸ್ತಾರೆ," ಎಂದಳು. ಚಾರ್ಜು ಕಳೆಯುತ್ತದೆಂದು ಗೊತ್ತಿದ್ದೂ ಇಬ್ಬರೂ ಫೋನ್ ಇಡಲಿಲ್ಲ.

ಕುಟ್ಟುವ ಜಾಗದ ನೀರು ಬಿಸಿಲಿಗೆ ಇಂಗುತ್ತಿದೆ. ಮರಿಗಳು ಒಂದು ಮೂಲೆಯಲ್ಲಿ ಒತ್ತಿಕೊಂಡಿವೆ. ಬೇಲಿಯಾಚೆ ದೊಡ್ಡ ಹೊಂಡವಿದೆ, ನಡುವೆ ಒಂದು ಮಾರು ಗಟ್ಟಿ ನೆಲ. ಹೊಂಡದವರೆಗೆ ಕಾಲುವೆ ತೋಡಲು ಗಂಡು ಕಪ್ಪೆ ಹಿಂದಕ್ಕೆ ತಿರುಗಿ ಕಾಲಿನಿಂದ ಮಣ್ಣು ಒದೆಯುತ್ತಿದೆ. ಅಗೆದ ಜಾಗ ಮತ್ತೆ ಕುಸಿಯುತ್ತದೆ, ಮತ್ತೆ ಒದೆಯುತ್ತದೆ. ಅಮ್ಮನಿಗೆ ನಾನು ಹೇಳುತ್ತಾ ಹೋದೆ, ಅವಳು ಕೇಳುತ್ತಾ ಕೂತಳು. ನೋಡುತ್ತಾ ಮಧ್ಯಾಹ್ನವೇ ಕಳೆಯಿತು. ಗುದ್ದಲಿ ತಂದು ಎರಡು ಏಟು ಹಾಕಿದ್ದರೆ ಮುಗಿಯುತ್ತಿತ್ತು. ಹತ್ತಿರ ಹೋದೆ, ನನಗೂ ಕಚ್ಚಲು ಬಂತು.

ನವೆಂಬರ್ 15

ಕಪ್ಪೆಯ ಕಾಲುವೆ ಹೊಂಡಕ್ಕೆ ಸೇರಿತು. ನೀರು ಆ ಕಡೆಯಿಂದ ಬಂತೋ ಈ ಕಡೆಯಿಂದ ಹೋಯಿತೋ ನೋಡುವುದರೊಳಗೆ ಮರಿಗಳೆಲ್ಲ ಹೊರಟುಹೋದವು. ಕಪ್ಪೆ ಕೊನೆಗೆ ಹೋಯಿತು. ಕುಟ್ಟುವ ಜಾಗ ನಮಗೆ ವಾಪಸು ಬಂದಿದೆ, ಕುಟ್ಟಲು ಕಾಳು ಅಷ್ಟಿಲ್ಲ.

"ಆ ನಮ್ ನೆಕ್ವಾಯಾಗೆ ಫೋನ್ ಮಾಡಿ ಹೇಳು," ಎಂದಳು ಅಮ್ಮ. "ಕಪ್ಪೆ ಕಾಲುವೆ ತೋಡ್ತು, ನಿಂಗ್ ಯಾಕಾಗಲ್ಲ ಅಂತ ಕೇಳು."

ಫೋನ್ ಮಾಡಿದೆ. ಲೋವೀಸಾ ಅದನ್ನು ಅವರ ಕಿವಿಗಿಟ್ಟಳು. ಅಮ್ಮ ಹೇಳಿದ್ದನ್ನು ಹೇಳಿದೆ.

ನವೆಂಬರ್ 16

ಬಂತಂತೆ. ಚೀಲದಲ್ಲಿ ಅರ್ಧ ಲೋಟ.

ಲೋವೀಸಾ ಅಳುತ್ತಾ ಹೇಳಿದಳು. ನಾನು ಅಂಗಳಕ್ಕೆ ಹೋಗಿ ಎಲ್ಲರಿಗೂ ಸಾರಿದೆ. ಹೆಂಗಸರು ಮದುವೆಯಲ್ಲಿ ಹಾಕುವ ಹಾಗೆ ಕೇಕೆ ಹಾಕಿದರು. ಯಾವ ಬಣ್ಣ ಎಂದು ಅಮ್ಮ ಕೇಳಿದಳು. ವಿಚಾರಿಸಿ ಹೇಳುತ್ತೇನೆ ಎಂದೆ. ಹೊಗೆ ಜಾಸ್ತಿಯಿತ್ತು ಅಂಗಳದಲ್ಲಿ, ನನ್ನ ಕಣ್ಣಲ್ಲೂ ನೀರು.

ನವೆಂಬರ್ 18

ಮಳೆ, ಒಂದು ಸಂಜೆ. ಎರಡನೆಯದು.

ನವೆಂಬರ್ 26

ನಿನ್ನೆ ಮಳೆ ಬಂತು, ಇವತ್ತು ಮರಳು ಒಣಗಿದೆ. ಸಾಯಂಕಾಲ ಕಪ್ಪೆಗಳು ಕರುಗಳ ಹಾಗೆ ಕೂಗುತ್ತಿವೆ. ಮೂರು ಮಳೆ ಆಯಿತು, ಇನ್ನು ತಿನ್ನಬಹುದು ಎಂದು ಸಾರಿದೆ.

ಯಾರೂ ಕದಲಲಿಲ್ಲ.

ಕಾಳು ಮುಗಿಯುತ್ತಾ ಬಂದಿದೆ. ಹಿಟ್ಟಿನ ಮೂಟೆ ಹೊತ್ತ ಹೆಲಿಕಾಪ್ಟರು ನಮ್ಮ ತಲೆಯ ಮೇಲೆ ಹಾದು ಬೇರೆ ಯಾವುದೋ ಊರಿಗೆ ಹೋಯಿತು. ಮಕ್ಕಳು ಕೈಬೀಸಿದವು, ಅವರೂ ಬೀಸಿದರು. ಆದರೂ ಬುಟ್ಟಿ ಎತ್ತುವವರಿಲ್ಲ. ಬಾನಿಯಲ್ಲಿ ಹೋದ ಮನುಷ್ಯನ ಮುಖ ಎಲ್ಲರೂ ನೋಡಿದ್ದಾರೆ. ಅಲ್ಲದೆ ಹಗ್ಗ ಹಿಡಿದಿದ್ದ ಒಬ್ಬ ಕೇಳಿಯೇಬಿಟ್ಟ, "ಮೇಮೆ, ಅವತ್ತು ನೀರಲ್ಲಿ ಮೂರು ಆಯ್ತು ಅಂದಿದ್ರಿ. ಈಗ ಮತ್ತೆ ಮೂರು ಅಂತೀರಿ. ಯಾವ ಮೂರನ್ನ ನಂಬೋದು?"

ಗಟ್ಟಿ ದನಿಯಲ್ಲಿ ಹೇಳಲು ಏನೂ ಹೊಳೆಯಲಿಲ್ಲ.

"ನೀನ್ ಹೇಳಿದ್ದು, ನೀನೇ ಮೊದ್ಲು ತಿನ್ನು," ಎಂದಳು ಅಮ್ಮ.

ತಿನ್ನುತ್ತೇನೆ ಎಂದೆ. ಮರಳಿನ ನಿಯಮ ನಾನೇ ಕಟ್ಟಿದ್ದು. ಅದು ಸರಿಯೋ ತಪ್ಪೋ ನನಗೆ ನಿಜವಾಗಿ ಗೊತ್ತಿಲ್ಲ. ಹೊಟ್ಟೆಯಲ್ಲಿ ಭಯ ಕೂತಿದೆ, ಹಸಿವಿಗೆ ಜಾಗವೇ ಇಲ್ಲ.

ನವೆಂಬರ್ 28

ನಾಲ್ಕು ಕಪ್ಪೆ ಹಿಡಿಸಿ, ಹೆಚ್ಚಿ, ಅಂಗಳದ ನಡುವೆ ಬೇಯಿಸಿದೆ. ಊರೆಲ್ಲ ಸುತ್ತ ನಿಂತಿತ್ತು. ತಟ್ಟೆಗೆ ಒಂದು ಕಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಕೈ ಮೇಲೇಳಲಿಲ್ಲ. ಬಿಸಿಯಿದೆ ಎಂದೆ. ಆರಿದ ಮೇಲೂ ಬಿಸಿಯಿದೆ ಎಂದೆ.

ಆಗ ಬೇಲಿಯ ಬಾಯಲ್ಲಿ ತಾತೆ ನೆಕ್ವಾಯಾ ಕಾಣಿಸಿಕೊಂಡರು. ಅರ್ಧ ಆಳಾಗಿದ್ದಾರೆ. ಕೋಟು ಮೈಮೇಲೆ ನೇತಾಡುತ್ತಿದೆ, ಪಂಚೆಯ ಹಾಗೆ ಇನ್ನೊಂದು ಸುತ್ತು ಸುತ್ತಬಹುದು. ಹಿಂದೆ ಲೋವೀಸಾ. ಇಬ್ಬರೂ ತೊಡೆಯವರೆಗೆ ಒದ್ದೆ. ಅವರು ಜನರನ್ನು ನೋಡಿದರು, ಪಾತ್ರೆ ನೋಡಿದರು, ನನ್ನ ತಟ್ಟೆ ನೋಡಿದರು. ಏನು ನಡೆಯುತ್ತಿದೆ ಎಂದು ಯಾರೂ ಹೇಳಬೇಕಾಗಲಿಲ್ಲ.

ಬಗ್ಗಿ ಒಂದು ಹಿಡಿ ಮರಳು ತೆಗೆದುಕೊಂಡರು. ಅಂಗೈ ಬಿಚ್ಚಿ ಸುರಿದರು. ಒಂದು ಕಣವೂ ಅಂಟಲಿಲ್ಲ.

"ಒಣಗಿದೆ," ಎಂದರು ಎಲ್ಲರಿಗೂ ಕೇಳುವ ಹಾಗೆ. "ಮೂರು ಮಳೆ ಸರಿಯಾಗಿದೆ."

ಆಮೇಲೆ ನನ್ನ ತಟ್ಟೆಗೆ ಕೈ ಹಾಕಿದರು.

"ಬೇಡ ತಾತೆ! ನೀವು ಈಗ ತಾನೇ ಆಸ್ಪತ್ರೆಯಿಂದ..."

"ನೀವು ಊರು ನೋಡ್ಕೋಬೇಕು ಮೇಮೆ. ನನಗೆ ಬೇರೆ ಕೆಲಸ ಏನಿದೆ?"

ಲೋವೀಸಾ ನೀರು ತರಲು ಹೋದಳು. ಅವರು ಕಾಲಿನ ಮಾಂಸ ಕಚ್ಚಿ, ಅಗಿದು, ನುಂಗಿದರು. ಉಳಿದದ್ದನ್ನು ತಟ್ಟೆಗಿಟ್ಟರು. ನುಂಗುವ ಮುಂಚೆ ಮೆಲ್ಲಗೆ ದೇವರೇ ಎಂದಿದ್ದರು. ಅಷ್ಟು ಹತ್ತಿರದಲ್ಲಿ ಕೂತಿದ್ದರಿಂದ ನನಗೊಬ್ಬಳಿಗೇ ಕೇಳಿಸಿತು. ಆ ಉಳಿದದ್ದನ್ನು ನಾನು ತಿಂದೆ.

ಉಪ್ಪು ಸ್ವಲ್ಪ ಮುಂದಾಗಿತ್ತು.

ಪಾತ್ರೆ ಮುಚ್ಚಿಸಿದೆ. ನಮ್ಮಿಬ್ಬರಿಗೂ ಏನಾಗುತ್ತದೆ ನೋಡಿಕೊಂಡು ನಾಡಿದ್ದು ಉಳಿದವರು ತಿನ್ನಲಿ ಎಂದು ಹೇಳಿದೆ. ಅವರಿಗೂ ಒಂದು ಕುರ್ಚಿ ಹಾಕಿಸಿದೆ, ನನ್ನದರ ಪಕ್ಕಕ್ಕೆ. ಕತ್ತಲಾಗುವವರೆಗೆ ಇಬ್ಬರೂ ನೀರು ಕುಡಿಯುತ್ತಾ ಕೂತಿದ್ದೆವು. ಮಳೆಯ ಮಾತು ಇಬ್ಬರೂ ಎತ್ತಲಿಲ್ಲ.

ನವೆಂಬರ್ 30

ಬೆಳಿಗ್ಗೆ ಜನ ಬುಟ್ಟಿ ಹಿಡಿದು ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಅಮ್ಮ ಮುಂದಿನ ಸಾಲಿನಲ್ಲಿದ್ದಳು. ತಾತೆ ನೆಕ್ವಾಯಾ ಎದ್ದು ಬೇಲಿಯ ಆ ಬದಿಗೆ ಹೋದರು. ನಾನು ಈ ಬದಿಗೆ ಹೋದೆ.

ಎಷ್ಟೋ ಹೊತ್ತಾದ ಮೇಲೆ ಆ ಕಡೆಯಿಂದ ಕೂಗು ಬಂತು.

"ಮೇಮೆ ರೌಹಾ, ಆಯ್ತಾ?"

"ಆಯ್ತು ತಾತೆ. ನಿಮ್ದು?"

ನಾನು ಬೇಲಿಯ ಗಳು ಹಿಡಿದುಕೊಂಡು ನಿಂತಿದ್ದೆ.

"ಆಗ್ತಾ ಇದೆ," ಎಂದರು.